ಓದುಗರ ಪ್ರಶ್ನೆ: ಒಂದೇ ರಸ್ತೆಗೆ ಎರಡು ಬಣ್ಣ ಏಕೆ?

ಪ್ರಶ್ನೆ: ಮಗನ ಜೊತೆ ಲಂಡನ್‌ನಿಂದ ಎಡಿನ್‌ಬರೋಗೆ ಎ1 ರಸ್ತೆಯಲ್ಲಿ ಕಾರಿನಲ್ಲಿ ಹೋಗುವವಳಿದ್ದೇನೆ. ನಕ್ಷೆಯಲ್ಲಿ ಅದು ಕೆಲವೆಡೆ ಹಸಿರು, ಕೆಲವೆಡೆ ನೀಲಿ. ಏಕೆ?

ಉತ್ತರ: ಹಸಿರು ಎಂದರೆ ಸಾಮಾನ್ಯ ಹೆದ್ದಾರಿ; ನೀಲಿ ಎಂದರೆ ಮೋಟಾರುದಾರಿ, ಫಲಕದಲ್ಲಿ ಎ1(ಎಂ) ಎಂದಿರುತ್ತದೆ. ಅಲ್ಲಿ ಸೈಕಲ್, ಪಾದಚಾರಿ, ಟ್ರ್ಯಾಕ್ಟರ್ ನಿಷಿದ್ಧ. ಸುಮಾರು 660 ಕಿ.ಮೀ. ಉದ್ದದ ಈ ರಸ್ತೆಯನ್ನು ಒಮ್ಮೆಲೇ ಕಟ್ಟಿದ್ದಲ್ಲ. ಇದರ ಹಳೆಯ ರೂಪವಾದ, ಕುದುರೆಗಾಡಿ ಕಾಲದ ಗ್ರೇಟ್ ನಾರ್ತ್ ರೋಡ್ ಊರೂರಿನ ನಡುವೆಯೇ ಹಾದುಹೋಗುತ್ತಿತ್ತು. ಸ್ಟ್ಯಾಮ್‌ಫರ್ಡ್‌ಗೆ 1960ರಲ್ಲಿ, ಡಾಂಕಾಸ್ಟರ್‌ಗೆ 1961ರಲ್ಲಿ ಬೈಪಾಸ್ ಬಂತು, ಡಾಂಕಾಸ್ಟರ್‌ನದು ಮೋಟಾರುದಾರಿಯಾಗಿಯೇ. ಯಾರ್ಕ್‌ಶೈರ್‌ನ ಲೀಮಿಂಗ್–ಬಾರ್ಟನ್ ತುಂಡು ಮುಗಿದದ್ದು 2018ರಲ್ಲಷ್ಟೇ.

ಎಚ್ಚರ ಬೇಕಾದದ್ದು ಹಸಿರು ಭಾಗದಲ್ಲಿ. ಪೀಟರ್‌ಬರೋದಿಂದ ಉತ್ತರಕ್ಕೆ ಜೋಡಿ ರಸ್ತೆಯಿದ್ದರೂ (ಹೋಗುವ, ಬರುವ ದಾರಿಗಳ ನಡುವೆ ವಿಭಜಕ) ಕೆಲವೆಡೆ ಆ ವಿಭಜಕದಲ್ಲಿ ತೆರಪಿದೆ: ಹೊಲದ ಟ್ರ್ಯಾಕ್ಟರ್ ಗಂಟೆಗೆ 70 ಮೈಲಿಯ ವಾಹನಗಳ ನಡುವೆ ಅಡ್ಡ ದಾಟಬಹುದು. ಎಡಗಡೆಯ ಕೂಡುದಾರಿಗಳೂ ಗಿಡ್ಡ. ಒಳಬರುವ ಲಾರಿಗೆ ವೇಗ ಹಿಡಿಯಲು ಜಾಗ ಸಾಲದು, ಅದರಿಂದ ಅಂತರ ಕಾಯ್ದುಕೊಳ್ಳಿ. ಮಾರ್ಪೆತ್ ದಾಟಿದರೆ ಹಲವೆಡೆ ವಿಭಜಕವಿಲ್ಲದ ಒಂಟಿ ರಸ್ತೆ, ಕಾರಿಗೆ ಮಿತಿ ಗಂಟೆಗೆ 60 ಮೈಲಿ. ಅಲ್ಲಿಂದ ಎಲ್ಲಿಂಗಮ್‌ವರೆಗೆ ಜೋಡಿ ಮಾಡುವ ಯೋಜನೆಯನ್ನು ಸರ್ಕಾರ 2024ರಲ್ಲಿ ಕೈಬಿಟ್ಟಿದ್ದು ನಿಜಕ್ಕೂ ಬೇಸರದ ಸಂಗತಿ. ಲಾರಿ ಹಿಂದೆ ಸಿಕ್ಕಿಕೊಂಡರೆ ಜೋಡಿ ಭಾಗ ಬರುವವರೆಗೆ ತಾಳಿ, ಆಮೇಲೆ ಹಿಂದಿಕ್ಕಿ.