ಇದ್ದಿಲಿನ ಗ್ರಿಲ್ ಹೊತ್ತಿಸಲು ಯಾವ ವಿಧಾನ ಸೂಕ್ತ?

ಚಿಮ್ನಿ ಸ್ಟಾರ್ಟರ್ ಎಂಬ ಲೋಹದ ಕೊಳವೆಯೇ ಮೇಲೆಂದು ನನ್ನ ಅಭಿಪ್ರಾಯ. ಅದರ ಮೇಲ್ಭಾಗಕ್ಕೆ ಇದ್ದಿಲು ತುಂಬಿ, ಕೆಳಗೆ ಮುದುರಿಟ್ಟ ಹಳೆಯ ಪತ್ರಿಕೆಯ ಒಂದೆರಡು ಹಾಳೆಗಳಿಗೆ ಬೆಂಕಿ ಹಚ್ಚಿದರೆ, ಮೇಲೇರುವ ಬಿಸಿಗಾಳಿಯು ತಳದ ತೂತುಗಳಿಂದ ಹೊಸ ಗಾಳಿಯನ್ನು ತಾನೇ ಸೆಳೆದುಕೊಳ್ಳುವುದರಿಂದ, ಬೀಸಣಿಗೆಯ ಹಂಗಿಲ್ಲದೆ ಸುಮಾರು 15ರಿಂದ 20 ನಿಮಿಷಗಳಲ್ಲಿ ಮೇಲಿನ ತುಂಡುಗಳ ಮೇಲೂ ಬೂದಿ ಕಾಣಿಸಿಕೊಳ್ಳುತ್ತದೆ. ಆಗ ಕೆಂಡವನ್ನು ಗ್ರಿಲ್‌ಗೆ ಸುರಿಯಬೇಕು. ಹೊತ್ತಿಸುವ ದ್ರವವು ಸುಲಭವೇನೋ ಹೌದು, ಆದರೆ ಅದು ಪೂರ್ತಿ ಉರಿದುಹೋಗುವ ಮುನ್ನ ಇಟ್ಟ ಪನೀರಿಗೂ ಮಾಂಸಕ್ಕೂ ವಾಸನೆ ಹತ್ತುತ್ತದೆ. ಉರಿಯುತ್ತಿರುವ ಇದ್ದಿಲಿನ ಮೇಲೆ ಮತ್ತೆ ಸುರಿದರೆ ಜ್ವಾಲೆ ಕೈಯಲ್ಲಿರುವ ಬಾಟಲಿಯವರೆಗೂ ಹಾರಬಹುದು. ಪೆಟ್ರೋಲನ್ನಂತೂ ಬಳಸಲೇಬಾರದು. ಹತ್ತಿರದಲ್ಲಿ ಪ್ಲಗ್ ಇರುವವರಿಗೆ ಇದ್ದಿಲಿನ ನಡುವೆ ಇಟ್ಟು ಕಾಯಿಸುವ ವಿದ್ಯುತ್ ಸುರುಳಿಯೂ ಆದೀತು. ವಿಧಾನ ಯಾವುದಾದರೂ, ಇದ್ದಿಲಿನಿಂದ ಕಾರ್ಬನ್ ಮಾನಾಕ್ಸೈಡ್ ಎಂಬ ವಿಷಾನಿಲ ಹೊಮ್ಮುವ ಕಾರಣ ಒಳಾಂಗಣದಲ್ಲಾಗಲಿ, ಮುಚ್ಚಿದ ಬಾಲ್ಕನಿಯಲ್ಲಾಗಲಿ ಹೊತ್ತಿಸಕೂಡದು.