ಗಂತಿನ ಮೈಕು ಗಡಿ ಅರಿಯದು

ರಾತ್ರಿಯಿಡೀ ಮೈಕು ಕಟ್ಟಿಕೊಂಡು ಕೋಣ ಓಡಿಸಲೇಬೇಕೆ, ನಿಮ್ಮ ಪಂಚಾಯತು ಇದನ್ನೆಲ್ಲ ಸುಮ್ಮನೆ ನೋಡುತ್ತ ಕುಳಿತಿರುವುದೇಕೆ ಎಂದು ನೀವು ಕೇಳಿದಿರಿ. 2023ರ ನವೆಂಬರಿನಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ನೋಡಿದಾಗ ಕಂಬಳ ನಿಮಗೆ ಸಂಸ್ಕೃತಿಯಾಗಿತ್ತು. ನಮ್ಮ ಮನೆಯಲ್ಲಿ ಒಂದು ರಾತ್ರಿ ನಿದ್ದೆಗೆಟ್ಟ ಮೇಲೆ ಅದೇ ಕಂಬಳ ನಿಮಗೆ ಗಲಾಟೆಯಾಯಿತು.

ನೂರಕ್ಕೂ ಹೆಚ್ಚು ಜೋಡಿ ಕೋಣಗಳು ಬರುವಲ್ಲಿ ಎರಡು ಕರೆಗಳಲ್ಲಿ, ಅಂದರೆ ಕೆಸರಿನ ಓಟದ ಹಾದಿಗಳಲ್ಲಿ, ಹಂತ ಹಂತವಾಗಿ ಓಡಿಸಿದರೆ ಒಂದು ಹಗಲು ಸಾಲುವುದಿಲ್ಲ, ಬಿಸಿಲನ್ನು ಕೋಣಗಳೂ ಸಹಿಸುವುದಿಲ್ಲ. ಮೈಕು ಇರುವುದು ವರ್ಣನೆಗಷ್ಟೇ ಅಲ್ಲ, ಲಾರಿಯ ಬಳಿ ಚಾಪೆ ಹಾಸಿ ಮಲಗಿರುವ ಯಜಮಾನನಿಗೆ ಅವನ ಜೋಡಿ ಗಂತಿಗೆ, ಅಂದರೆ ಓಟ ಶುರುವಾಗುವ ತುದಿಗೆ, ಬರಬೇಕೆಂದು ತಿಳಿಸುವುದೂ ಅದೇ.

ಇನ್ನು ಪಂಚಾಯತಿನ ಮಾತು. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಬಯಲಿನಲ್ಲಿ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಧ್ವನಿವರ್ಧಕ ಹಾಕುವಂತಿಲ್ಲ. ಉತ್ಸವಗಳಿಗೆ ನಡುರಾತ್ರಿ 12ರವರೆಗೆ ಸಡಿಲಿಕೆ ಕೊಡಬಹುದಾದರೂ ಅದು ವರ್ಷಕ್ಕೆ 15 ದಿನ ಮೀರಬಾರದು, ಆ ದಿನಗಳನ್ನು ಗೊತ್ತುಮಾಡುವುದು ರಾಜ್ಯ ಸರ್ಕಾರ. ವಸತಿ ಪ್ರದೇಶದ ಮಿತಿ ಹಗಲು 55, ರಾತ್ರಿ 45 ಡೆಸಿಬೆಲ್. ಸಾರ್ವಜನಿಕ ಸ್ಥಳದ ಅಂಚಿನಲ್ಲಿ ಅದಕ್ಕಿಂತ 10 ಹೆಚ್ಚಾಗಬಹುದು, ಅಷ್ಟೆ. (ಮಳೆಗಾಲದಲ್ಲಿ ನಮ್ಮ ಗದ್ದೆಯ ಕಪ್ಪೆಗಳನ್ನು ಅಳೆಯಹೊರಟರೆ ಅವುಗಳಿಗೂ ನೋಟಿಸು ಹೋದೀತು.) ಅನುಮತಿ ಕೊಡುವವರು ಜಿಲ್ಲಾಡಳಿತದವರೋ ಪೊಲೀಸ್ ಅಧಿಕಾರಿಗಳೋ ಆಗಿರುತ್ತಾರೆ. ಗದ್ದೆ ನಮ್ಮೂರಿನದು, ನಿದ್ದೆಗೆಡುವವರೂ ನಮ್ಮೂರಿನವರು. ಆದರೆ ಓಡಿಸುವವರನ್ನೂ ನಿದ್ದೆಗೆಡುವವರನ್ನೂ ಬಲ್ಲ ಪಂಚಾಯತಿಗೆ ಒಂದು ಮೈಕನ್ನು ತಗ್ಗಿಸುವ ಅಥವಾ ಒಂದು ಗಂಟೆ ಹೆಚ್ಚು ಬಿಡುವ ಅಧಿಕಾರವಿಲ್ಲ, ಬೈಗುಳ ಮಾತ್ರ ಮೊದಲು ತಲುಪುವುದು ಅಲ್ಲಿಗೇ.

ಅದಕ್ಕಿಂತ ದೊಡ್ಡ ಸಿಕ್ಕು ಗಡಿಯದು. ಕರೆ ಕರ್ನಾಟಕದಲ್ಲಿದೆ, ದಕ್ಷಿಣಕ್ಕಿರುವ ತೋಟ ದಾಟಿದರೆ ಕೇರಳ. 1956ರ ನವೆಂಬರ್ 1ರವರೆಗೆ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದೇ ತಾಲೂಕಾಗಿದ್ದುದರಿಂದ ಅತ್ತಲಿನ ಮನೆಗಳಲ್ಲೂ ನಮ್ಮ ನೆಂಟರಿದ್ದಾರೆ, ಕೋಣಗಳಿವೆ, ಓಟಗಾರರಿದ್ದಾರೆ. ಮನೆಯಲ್ಲಿ ತುಳು, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ ಎಂಬುದು ನಮಗೆ ವಿಶೇಷವಲ್ಲ. ನೀವು ಯಾವ ರಾಜ್ಯದವರು ಎಂದು ನಮ್ಮನ್ನು ಕೇಳುವುದು ದೂರದವರು ಮಾತ್ರ. ಸದ್ದಿನ ದೂರು ಬಂದಾಗ ಹಾಗಲ್ಲ. ಅತ್ತಣ ಠಾಣೆಯವರು ಮೈಕು ತಮ್ಮ ವ್ಯಾಪ್ತಿಯದಲ್ಲವೆನ್ನುತ್ತಾರೆ, ಇತ್ತಣವರು ದೂರುದಾರ ತಮ್ಮ ವ್ಯಾಪ್ತಿಯವನಲ್ಲವೆನ್ನುತ್ತಾರೆ, ಕಡೆಗೆ ಆ ಫೋನು ನನಗೆ ಬರುತ್ತದೆ. ಕಂಬಳ ಸಮಿತಿಯಲ್ಲಿ ಅರ್ಜಿ ಬರೆಯಲು ಒಪ್ಪಿಕೊಂಡ ಒಂದೇ ತಪ್ಪಿಗೆ ವರ್ಷವೂ ನಾನು ಎರಡು ರಾಜ್ಯಗಳ ನಡುವಿನ ಬೇಲಿಯಾಗಿದ್ದೇನೆ.

ದೂರುವವರನ್ನು ನಾನು ಹಳಿಯುವುದಿಲ್ಲ. ಕಳೆದ ಬಾರಿ ಫೋನು ಮಾಡಿದವರ ಮನೆಯಲ್ಲಿ ಹಸುಗೂಸಿತ್ತು. ನಾವು ಆ ರಾತ್ರಿ ದಕ್ಷಿಣಕ್ಕೆ ಮುಖ ಮಾಡಿದ್ದ ಎರಡು ಮೈಕಿನ ಹಾರ್ನುಗಳನ್ನು ಗುಡ್ಡದ ಕಡೆಗೆ ತಿರುಗಿಸಿದೆವು, ಮಗು ಮಲಗಿತೆಂದು ಆಮೇಲೆ ತಿಳಿಯಿತು. ಆದರೆ ತೋಟದಾಚೆ ಲಾರಿ ನಿಲ್ಲಿಸಿ ಮಲಗಿದ್ದ ಯಜಮಾನರೊಬ್ಬರಿಗೆ ಗಂತಿಗೆ ಕರೆದದ್ದು ಕೇಳಿಸದೆ ಅವರ ಜೋಡಿಯ ಸರದಿ ತಪ್ಪಿಹೋಯಿತು. ಅವರು ನನಗೆ ದೂರದ ನೆಂಟರು. ಈಗಲೂ ಮದುವೆಮನೆಗಳಲ್ಲಿ ನನ್ನ ಪಂಕ್ತಿಯಲ್ಲಿ ಕುಳಿತುಕೊಳ್ಳುವುದಿಲ್ಲ.