ಸ್ತನದ ಆಪರೇಷನ್ ನಂತರ ತೋಳು ಬಾತರೆ

ಪ್ರಶ್ನೆ: ಎಡ ಸ್ತನದ ಕ್ಯಾನ್ಸರ್‌ಗೆ ಆಪರೇಷನ್ ಆಗಿ ಎಂಟು ತಿಂಗಳಾಯಿತು. ಕಂಕುಳಿನ ಗ್ರಂಥಿಗಳನ್ನೂ ತೆಗೆದಿದ್ದಾರೆ, ರೇಡಿಯೇಷನ್ ಮುಗಿದಿದೆ. ಒಂದು ತಿಂಗಳಿಂದ ಎಡಗೈ ಭಾರ, ಸಂಜೆ ಹೊತ್ತಿಗೆ ಉಂಗುರ ಬಿಗಿ. ಕ್ರೇಪ್ ಬ್ಯಾಂಡೇಜ್ ಸುತ್ತುತ್ತಿದ್ದೇನೆ. ಮೂತ್ರ ಹೆಚ್ಚಿಸುವ ಮಾತ್ರೆ ತೆಗೆದುಕೊಂಡರೆ ಇಳಿಯುತ್ತದೆ ಎನ್ನುತ್ತಾರೆ. ಆ ಕೈಯಲ್ಲಿ ಕೆಲಸ ಮಾಡುವುದನ್ನೇ ಬಿಟ್ಟಿದ್ದೇನೆ. ಸರಿಯೇ?

ಉತ್ತರ: ಮೂರೂ ಬೇಡ. ಇದು ಲಿಂಫೆಡೀಮಾ, ಅಂದರೆ ದುಗ್ಧರಸ (ಲಿಂಫ್ ಎಂಬ ದೇಹದ ದ್ರವ) ಹರಿಯದೆ ನಿಂತು ಬರುವ ಬಾವು ಇರಬಹುದು. ತೋಳಿನ ದುಗ್ಧರಸ ಬಹುಪಾಲು ಕಂಕುಳಿನ ಗ್ರಂಥಿಗಳ ಮೂಲಕವೇ ಹರಿದು ರಕ್ತಕ್ಕೆ ಮರಳುತ್ತದೆ. ಗ್ರಂಥಿ ತೆಗೆದು ರೇಡಿಯೇಷನ್ನೂ ಕೊಟ್ಟರೆ ಆ ದಾರಿ ಕಟ್ಟಿದಂತಾಗಿ, ಪ್ರೋಟೀನ್ ತುಂಬಿದ ರಸ ಚರ್ಮದಡಿ ನಿಲ್ಲುತ್ತದೆ. ಮಾತ್ರೆ ತೆಗೆಯುವುದು ನೀರನ್ನಷ್ಟೇ. ಉಳಿದ ಪ್ರೋಟೀನ್ ಮತ್ತೆ ನೀರು ಸೆಳೆದುಕೊಳ್ಳುತ್ತದೆ. ಕ್ರೇಪ್ ಬಟ್ಟೆ ಕೈ ಸುಮ್ಮನಿದ್ದಾಗಲೂ ಹಿಂಡುತ್ತದೆ, ಸ್ನಾಯು ಉಬ್ಬಿದಾಗ ತಾನೂ ಹಿಗ್ಗಿಬಿಡುತ್ತದೆ. ನಮಗೆ ಬೇಕಾದದ್ದು ಇದಕ್ಕೆ ತದ್ವಿರುದ್ಧ: ಕಡಿಮೆ ಹಿಗ್ಗುವ, ಹಲವು ಪದರಗಳ ಬ್ಯಾಂಡೇಜ್.

ಮೊದಲು ಟೇಪ್ ಹಿಡಿಯಿರಿ. ಮಣಿಕಟ್ಟಿನಿಂದ ಪ್ರತಿ 10 ಸೆಂ.ಮೀ.ಗೆ ಒಂದರಂತೆ ಎರಡೂ ತೋಳುಗಳ ಸುತ್ತಳತೆ ಬರೆದಿಡಿ, ದಿನದ ಅದೇ ಹೊತ್ತಿಗೆ. 2 ಸೆಂ.ಮೀ. ವ್ಯತ್ಯಾಸವನ್ನು ಸಾಮಾನ್ಯವಾಗಿ ಲಿಂಫೆಡೀಮಾ ಎನ್ನುತ್ತಾರೆ, ಆದರೆ ಅಲ್ಲಿಯವರೆಗೆ ಕಾಯಬೇಡಿ; ಭಾರ ಅನ್ನಿಸಿದರೇ ಸಾಕು, ಸರ್ಜನ್‌ಗೆ ತೋರಿಸಿ. ಬೆರಳಿಂದ ಒತ್ತಿದಾಗ ಗುಳಿ ಬೀಳುವ ಹಂತದಲ್ಲಿ ಇಳಿಸುವುದು ಸುಲಭ. ವರ್ಷಗಟ್ಟಲೆ ಬಿಟ್ಟರೆ ಒಳಗೆ ಕೊಬ್ಬು, ನಾರು ಬೆಳೆದು ಗಟ್ಟಿಯಾಗುತ್ತದೆ.

ಚಿಕಿತ್ಸೆಗೆ ಲಿಂಫೆಡೀಮಾ ತರಬೇತಿ ಪಡೆದ ಫಿಸಿಯೋಥೆರಪಿಸ್ಟ್ ಬೇಕು. ಚರ್ಮ ಮಾತ್ರ ಸರಿಯುವಷ್ಟು ಹಗುರವಾದ ಮಸಾಜ್, ಆಮೇಲೆ ಬ್ಯಾಂಡೇಜ್, ಕೆಲವು ವಾರ. ಬಾವು ಇಳಿದ ಮೇಲೆಯೇ ಕಂಪ್ರೆಷನ್ ಸ್ಲೀವ್‌ಗೆ (ತೋಳನ್ನು ಒತ್ತಿ ಹಿಡಿಯುವ ಬಿಗಿ ಉಡುಪು) ಅಳತೆ ಕೊಡಿ. ಬಾತ ಕೈಗೆ ಹೊಲಿಸಿದ್ದು ಮುಂದೆ ಸಡಿಲ. ಬೆಳಿಗ್ಗೆ ಎದ್ದೊಡನೆ ಹಾಕಿ, ಮಲಗುವಾಗ ತೆಗೆಯಿರಿ. ಮೇಲಂಚು ಸುರುಳಿ ಸುತ್ತಿಕೊಂಡರೆ ದಾರ ಕಟ್ಟಿದ ಹಾಗೆ ಆಗುತ್ತದೆ. ಬೆರಳು ಬಾತರೆ ಗ್ಲೌಸೂ ಬೇಕು. ಸ್ಲೀವ್ ಸುಮಾರು ಆರು ತಿಂಗಳಿಗೆ ಬಿಗಿ ಕಳೆದುಕೊಳ್ಳುತ್ತದೆ, ಹೊಸದು ತನ್ನಿ.

ಕೈ ಕಟ್ಟಿ ಕೂರಬೇಡಿ: ಸ್ನಾಯುವೇ ದುಗ್ಧರಸದ ಪಂಪ್. 2009ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ನಿಧಾನವಾಗಿ ಹೆಚ್ಚಿಸಿದ ಭಾರ ಎತ್ತುವ ವ್ಯಾಯಾಮದಿಂದ ಬಾವು ಹೆಚ್ಚಲಿಲ್ಲ. ಸ್ಲೀವ್ ಹಾಕಿಕೊಂಡು ಅರ್ಧ ಕಿಲೋದಿಂದ ಶುರು ಮಾಡಿ. ಕೈ ಭಾರ ಅನ್ನಿಸಿದರೆ ಒಂದು ಹೆಜ್ಜೆ ಹಿಂದೆ.

ಕೈ ಕೆಂಪಾಗಿ, ಬಿಸಿಯಾಗಿ, ಜ್ವರ ಬಂದರೆ ಅದು ಸೋಂಕು: ಮಸಾಜ್, ಬ್ಯಾಂಡೇಜ್ ನಿಲ್ಲಿಸಿ ಅದೇ ದಿನ ಆ್ಯಂಟಿಬಯಾಟಿಕ್. ಒಂದೆರಡು ದಿನದಲ್ಲೇ ಬಾತು ನೋವು, ನೀಲಿ ಬಣ್ಣ ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು, ರಕ್ತದ ಹರಿವು ತೋರಿಸುವ ಡಾಪ್ಲರ್ ಸ್ಕ್ಯಾನ್ ಬೇಕು. ಕಂಕುಳಲ್ಲಿ ಗಡ್ಡೆ ಸಿಕ್ಕರೆ ಅಥವಾ ಕೈ ಬಲ ಕುಂದಿದರೆ ಕ್ಯಾನ್ಸರ್ ಮರಳಿದೆಯೇ ಎಂದು ನೋಡಲೇಬೇಕು.

ಬಿಪಿ, ಇಂಜೆಕ್ಷನ್‌ಗೆ ಬಲಗೈ ಕೊಡಿ. ತುರ್ತಿನಲ್ಲಿ ಎಡಗೈಗೇ ಸೂಜಿ ಚುಚ್ಚಿದರೆ ಗಾಬರಿ ಬೇಡ.